ವಕಾಲತ್ತಿಗೆ ಬಹಿಷ್ಕಾರ: ನ್ಯಾಯಕ್ಕೇ ಬೀಗ

ಊರನ್ನು ಕೆರಳಿಸುವಂಥ ಅಪರಾಧ ನಡೆದಾಗ ಅಲ್ಲಿನ ವಕೀಲರ ಸಂಘ ತುರ್ತು ಸಭೆ ಸೇರಿ, ‘ಆರೋಪಿ ಪರ ನಮ್ಮಲ್ಲಿ ಯಾರೂ ವಕಾಲತ್ತು ವಹಿಸಬಾರದು’ ಎಂದು ನಿರ್ಣಯ ಮಾಡುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇವೆ. ಜನ ಭೇಷ್ ಎನ್ನುತ್ತಾರೆ. ನನಗೆ ಮಾತ್ರ ಇದು ಕರಿಕೋಟು ತೊಟ್ಟವರೇ ಸಂವಿಧಾನಕ್ಕೆ ಬಗೆಯುವ ದ್ರೋಹವಾಗಿ ಕಾಣುತ್ತದೆ.

ಬಂಧಿತ ವ್ಯಕ್ತಿ ತನಗೆ ಬೇಕಾದ ವಕೀಲರನ್ನು ಕಂಡು ಮಾತನಾಡಬಹುದು, ಅವರ ಮೂಲಕ ತನ್ನ ವಾದ ಮಂಡಿಸಬಹುದು ಎನ್ನುತ್ತದೆ ಸಂವಿಧಾನದ 22(1)ನೇ ವಿಧಿ. ಇಂಥ ಆರೋಪಕ್ಕೆ ಈ ಹಕ್ಕಿಲ್ಲ ಎಂದು ಅದು ಎಲ್ಲೂ ಹೇಳಿಲ್ಲ.

ಆದರೂ 2020ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲಿ ಆದದ್ದೇನು? ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರದ ಮೂವರು ವಿದ್ಯಾರ್ಥಿಗಳ ಪರ ಯಾರೂ ನಿಲ್ಲಬಾರದೆಂದು ಅಲ್ಲಿನ ವಕೀಲರ ಸಂಘ ನಿರ್ಣಯಿಸಿತು. ಆಗ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಶ್ರೀನಿವಾಸ್ ಓಕಾ ಅವರ ಪೀಠ ಅದನ್ನು ಕಟುವಾಗಿ ಟೀಕಿಸಿತು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗಿ ಜಾಮೀನು ಅರ್ಜಿ ಸಲ್ಲಿಸುವ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿ ಎಂದು ಹೈಕೋರ್ಟ್ ಹೇಳಬೇಕಾಯಿತು. ಕೋರ್ಟಿನೊಳಗೆ ಹೋಗಲು ವಕೀಲರಿಗೇ ಪೊಲೀಸರ ಕಾವಲು! ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಇಂಥ ನಿರ್ಣಯ ಕಾನೂನುಬಾಹಿರ, ಅಸಿಂಧು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಅಂದು ಕೊಯಮತ್ತೂರಿನ ವಕೀಲರು ಬಹಿಷ್ಕರಿಸಿದ್ದು ಪೊಲೀಸರನ್ನು. ವಕೀಲರೊಂದಿಗಿನ ಘರ್ಷಣೆಯ ಪ್ರಕರಣದಲ್ಲಿ ಅವರು ಆರೋಪಿಗಳಾಗಿದ್ದರು. ಇಂದು ಲಾಠಿ ಹಿಡಿದವನೇ ನಾಳೆ ಕಟಕಟೆಯಲ್ಲಿ ನಿಲ್ಲಬಹುದು. ಹಕ್ಕು ಇರುವುದು ಅವನಿಗೂ ಸೇರಿಯೇ.

‘ಸತ್ತ ಮಗುವಿನ ತಾಯಿಗೆ ಏನು ಹೇಳುತ್ತೀರಿ?’ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. 2017ರ ಸೆಪ್ಟೆಂಬರ್‌ನಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಏಳು ವರ್ಷದ ಬಾಲಕನ ಕೊಲೆಯಾಯಿತು. ಪೊಲೀಸರು ಶಾಲಾ ಬಸ್ಸಿನ ಕಂಡಕ್ಟರನ್ನು ಹಿಡಿದು, ತಪ್ಪೊಪ್ಪಿಕೊಂಡಿದ್ದಾನೆ ಎಂದರು. ಅವನ ಪರ ನಿಲ್ಲುವುದಿಲ್ಲ ಎಂದು ಅಲ್ಲಿನ ವಕೀಲರು ತೀರ್ಮಾನಿಸಿದರು. ನವೆಂಬರ್‌ನಲ್ಲಿ ಸಿಬಿಐ ಅದೇ ಶಾಲೆಯ ವಿದ್ಯಾರ್ಥಿಯೊಬ್ಬನನ್ನು ವಶಕ್ಕೆ ಪಡೆಯಿತು. ಕಂಡಕ್ಟರ್ ಜಾಮೀನಿನ ಮೇಲೆ ಹೊರಬಂದ. ಮರುವರ್ಷ ನ್ಯಾಯಾಲಯ ಅವನನ್ನು ಆರೋಪದಿಂದ ಬಿಡುಗಡೆ ಮಾಡಿತು. ಊರೆಲ್ಲ ಕೊಲೆಗಡುಕ ಎಂದಿದ್ದ ಆ ಬಡವನನ್ನೇ ನೇಣಿಗೆ ಏರಿಸಿದ್ದರೆ ಆ ತಾಯಿಗೆ ಸಿಗುತ್ತಿದ್ದುದು ನ್ಯಾಯವೇ?

ಆರೋಪಿಯ ವಕೀಲ ಮಾಡುವ ಕೆಲಸವಾದರೂ ಏನು? ಬಂಧಿಸಿದ್ದು ಎಷ್ಟು ಗಂಟೆಗೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತಂದರೇ, ಬೆನ್ನ ಮೇಲಿನ ಬಾಸುಂಡೆ ಎಲ್ಲಿಯದು, ಮಹಜರಿಗೆ ಸಹಿ ಹಾಕಿದ ಪಂಚರು ನಿಜಕ್ಕೂ ಸ್ಥಳದಲ್ಲಿದ್ದರೇ ಎಂದು ಕೇಳುತ್ತಾನೆ. ಸಾಕ್ಷಿಯನ್ನು ಪಾಟೀಸವಾಲಿಗೆ ಒಡ್ಡುತ್ತಾನೆ. ಅದು ಅಪರಾಧದ ಸಮರ್ಥನೆಯಲ್ಲ, ಆರೋಪದ ಪರೀಕ್ಷೆ. ಪುಟಕ್ಕಿಟ್ಟರೆ ಚಿನ್ನ ಹಾಳಾಗುವುದಿಲ್ಲ. ಗಟ್ಟಿ ಸಾಕ್ಷ್ಯವೂ ಹಾಗೆಯೇ.

ಮುಂಬೈ ದಾಳಿಯ ಉಗ್ರ ಕಸಬ್‌ಗೂ ನಮ್ಮ ನ್ಯಾಯಾಲಯಗಳು ವಕೀಲರನ್ನು ಕೊಟ್ಟವು. ವಿಚಾರಣೆಯ ಆರಂಭದಲ್ಲಿ ಆರೋಪಿಗೆ ವಕೀಲರನ್ನು ಒದಗಿಸದಿದ್ದರೆ ಆ ವಿಚಾರಣೆಯೂ ಶಿಕ್ಷೆಯೂ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟಪಡಿಸಿದ್ದು ಅದೇ ಪ್ರಕರಣದಲ್ಲಿ. ಅಂದಮೇಲೆ ಬಹಿಷ್ಕಾರದಿಂದ ಪೆಟ್ಟು ಬೀಳುವುದು ನೊಂದವರ ಪ್ರಕರಣಕ್ಕೇ.

ಒಬ್ಬ ವಕೀಲರಿಗೆ ಮನಸ್ಸು ಒಪ್ಪದಿದ್ದರೆ ಸಕಾರಣ ಕೊಟ್ಟು ಹಿಂದೆ ಸರಿಯಲಿ, ಅದು ಅವರ ಆತ್ಮಸಾಕ್ಷಿ. ಒಪ್ಪಿದವರ ಕೈ ಕಟ್ಟಿಹಾಕುವುದು ಮಾತ್ರ ದಬ್ಬಾಳಿಕೆ. ಖಂಡನೆಯ ಮಾತುಗಳು ಸಾಕಾಗಿವೆ. ಇಂಥ ನಿರ್ಣಯ ಹೊರಡಿಸುವ ಪದಾಧಿಕಾರಿಗಳ ಮೇಲೆ ರಾಜ್ಯ ವಕೀಲರ ಪರಿಷತ್ತು ಶಿಸ್ತುಕ್ರಮ ಜರುಗಿಸಲಿ.

ಕಟಕಟೆಯಲ್ಲಿ ನಿಂತವನನ್ನು ನ್ಯಾಯಾಧೀಶರು ಕೇಳುವ ಪ್ರಶ್ನೆ ಸರಳ: ‘ನಿನ್ನ ಪರ ವಕೀಲರು ಯಾರು?’ ಕೋರ್ಟ್ ಹಾಲ್ ತುಂಬ ಕರಿಕೋಟುಗಳಿದ್ದೂ ಅವನು ‘ಯಾರೂ ಇಲ್ಲ ಸ್ವಾಮಿ’ ಎನ್ನಬೇಕಾಗಿ ಬಂದರೆ, ಅಂದು ತಲೆ ತಗ್ಗಿಸಬೇಕಾದವನು ಅವನಲ್ಲ.