ಗಾಜಿನ ಪೆಟ್ಟಿಗೆಯ ಆಮೆ, ಗಲ್ಲಾ ಪೆಟ್ಟಿಗೆಯ ದಣಿ

“ಮನುಷ್ಯರಿಗೇ ಹೊಟ್ಟೆಗಿಲ್ಲದ ನಾಡಿನಲ್ಲಿ ಹಾವು, ಓತಿ, ಆಮೆಗಳ ಗೋಳು ಬರೆಯಲು ಪಕ್ಷದ ಪತ್ರಿಕೆಯೇ ಬೇಕಿತ್ತೆ?” ಎಂದು ಕೆಲವು ಮಿತ್ರರು ಮೂಗು ಮುರಿಯುತ್ತಾರೆ. ಮುರಿಯಲಿ. ಆದರೆ ಆ ಹಾವು, ಓತಿ, ಆಮೆಗಳ ಪೆಟ್ಟಿಗೆ ತೊಳೆಯುವವನು ಯಾರು, ಅವನ ಸಂಬಳವೆಷ್ಟು, ಅವನು ಬಾಯಿ ಬಿಟ್ಟರೆ ಅವನ ಗತಿಯೇನು ಎಂಬುದನ್ನೂ ಅವರು ಕೇಳಬೇಕಾಗಿತ್ತು. ಕೇಳಲಿಲ್ಲ. ಆದುದರಿಂದ ನಾವೇ ಹೇಳಬೇಕಾಗಿದೆ.

ಸಾಕುಪ್ರಾಣಿ ಮಾರುವ ಅಂಗಡಿಗಳು ಇಂದು ಬೆಂಗಳೂರು, ಮೈಸೂರುಗಳನ್ನು ದಾಟಿ ಜಿಲ್ಲಾ ಕೇಂದ್ರಗಳಿಗೂ ಬಂದಿವೆ. ಮುಂಭಾಗದಲ್ಲಿ ನಾಯಿಮರಿ, ಗಿಣಿಯ ಜಾತಿಯ ಬಣ್ಣದ ಹಕ್ಕಿ, ಮೀನಿನ ತೊಟ್ಟಿ. ಹಿಂಭಾಗದಲ್ಲಿ, ಬೆಳಕು ಬೀಳದ ಕಡೆ, ಶೀತರಕ್ತದ ಜೀವಿಗಳು. ಅಮೆರಿಕದ ಮಿಸಿಸಿಪಿ ನದಿಯ ಕಡೆಯ, ಕಣ್ಣಿನ ಹಿಂದೆ ಕೆಂಪು ಗೆರೆಯಿರುವ ಆಮೆಯ ಮರಿಗಳನ್ನು ಬೋಗುಣಿಯಲ್ಲಿ ರಾಶಿ ಹಾಕಿರುತ್ತಾರೆ. ಪಶ್ಚಿಮ ಆಫ್ರಿಕದ ಸಣ್ಣ ಹೆಬ್ಬಾವು, ದಕ್ಷಿಣ ಅಮೆರಿಕದ ಹಸಿರು ಇಗುವಾನಾ ಎಂಬ ದೊಡ್ಡ ಓತಿ, ಇವು ‘ಗೊತ್ತಿರುವ’ ಗಿರಾಕಿಗೆ ಮಾತ್ರ ಕಾಣಿಸುತ್ತವೆ. ಆಮೆ ಮರಿಯನ್ನು ಮಾರುವಾಗ ದಣಿ ಹೇಳುವ ಮಾತು ಎಲ್ಲೆಲ್ಲಿಯೂ ಒಂದೇ: “ಇಷ್ಟೇ ಇರ್ತದೆ ಸಾರ್, ಮನೆಗೆ ಅದೃಷ್ಟ.” ಅದು ಇಷ್ಟೇ ಇರುವುದಿಲ್ಲ. ಊಟದ ತಟ್ಟೆಯಷ್ಟಾಗುತ್ತದೆ, ಸರಿಯಾಗಿ ಸಾಕಿದರೆ 20-30 ವರ್ಷ ಬದುಕುತ್ತದೆ. ಬೆಳೆದಾಗ ಬೇಸತ್ತ ಗಿರಾಕಿ ಅದನ್ನು ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು ಪುಣ್ಯ ಕಟ್ಟಿಕೊಂಡೆನೆಂದು ಹೋಗುತ್ತಾನೆ. ಅಲ್ಲಿ ಅದು ನಮ್ಮ ನೀರಿನ ಆಮೆಗಳ ತಾವನ್ನೂ ಆಹಾರವನ್ನೂ ಕಸಿಯುತ್ತದೆ. ಈ ಕಾಟಕ್ಕಾಗಿಯೇ ಯುರೋಪಿನ ಒಕ್ಕೂಟ 1997ರಲ್ಲಿ ಇದರ ಆಮದನ್ನೇ ನಿಲ್ಲಿಸಿತು.

ಮೇಷ್ಟ್ರ ಕಸುಬು ಬಿಟ್ಟರೂ ಚಾಳಿ ಬಿಟ್ಟಿಲ್ಲ. ಒಂದಿಷ್ಟು ಪಾಠ ಹೇಳುತ್ತೇನೆ, ಓದುಗರು ಸೈರಿಸಬೇಕು. ನಾವು ಉಂಡ ಅನ್ನ ನಮ್ಮ ಮೈಯನ್ನು ಬೆಚ್ಚಗಿಡುತ್ತದೆ. ಹಾವು, ಓತಿ, ಆಮೆಗಳಿಗೆ ಆ ಶಕ್ತಿಯಿಲ್ಲ. ಶಾಖ ಹೊರಗಿನಿಂದ ಬರಬೇಕು. ಮೈ ತಣ್ಣಗಿದ್ದರೆ ತಿಂದದ್ದು ಹೊಟ್ಟೆಯಲ್ಲಿ ಅರಗುವುದಿಲ್ಲ, ಕೊಳೆಯುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಮೈಗೆ ಬೀಳದಿದ್ದರೆ ಆಮೆ, ಇಗುವಾನಾಗಳು ತಿಂದ ಸುಣ್ಣದಂಶ ಮೂಳೆಗೆ ಸೇರುವುದಿಲ್ಲ. ದವಡೆ ಊದುತ್ತದೆ, ಕಾಲು ಸೊಟ್ಟಗಾಗುತ್ತದೆ, ಆಮೆಯ ಚಿಪ್ಪು ಮೆತ್ತಗಾಗುತ್ತದೆ. ಅದಕ್ಕಾಗಿ ವಿಶೇಷ ದೀಪವಿದೆ. ಆ ದೀಪದ ಬೆಳಕು ಕಣ್ಣಿಗೆ ಕಾಣುತ್ತಿದ್ದರೂ ಕೆಲವು ತಿಂಗಳಲ್ಲಿ ಅದರ ಕಿರಣ ಕ್ಷೀಣಿಸುತ್ತದೆ, ಬದಲಿಸಬೇಕು. ನೀರಿನ ಆಮೆಗೆ ಹತ್ತಿ ಕೂತು ಮೈ ಒಣಗಿಸಿಕೊಳ್ಳಲು ಒಂದು ಕಲ್ಲು ಬೇಕು. ಬರೀ ಒಣಸಿಗಡಿ ಹಾಕುತ್ತ ಹೋದರೆ ಜೀವಸತ್ವ ಸಾಲದೆ ಕಣ್ಣು ಊದಿ ಮುಚ್ಚುತ್ತದೆ. ಕಣ್ಣು ಕಾಣದ ಆಮೆ ಎದುರಿಗಿದ್ದ ಆಹಾರವನ್ನೂ ಮುಟ್ಟುವುದಿಲ್ಲ. ಇಗುವಾನಾ ಸೊಪ್ಪು ತಿನ್ನುವ ಪ್ರಾಣಿ.

ಇಷ್ಟು ಸಾಮಾನ್ಯ ಸಂಗತಿ ಅಂಗಡಿಯ ದಣಿಗೆ ತಿಳಿಯದೆಂದು ನಂಬುವಷ್ಟು ನಾವು ಮುಗ್ಧರಲ್ಲ. ಅವನಿಗೆ ಇನ್ನೂ ಒಂದು ಸಂಗತಿ ತಿಳಿದಿದೆ. ನಾಯಿಮರಿ ಹಸಿದರೆ ಕೂಗುತ್ತದೆ, ಗಿರಾಕಿಯ ಕಿವಿಗೆ ಬೀಳುತ್ತದೆ. ಆಮೆ ಕೂಗುವುದಿಲ್ಲ. ಹೆಬ್ಬಾವು ತಿಂಗಳುಗಟ್ಟಲೆ ಉಪವಾಸವಿದ್ದರೂ ಸುತ್ತಿಕೊಂಡು ಮಲಗಿಯೇ ಇರುತ್ತದೆ. ಇವು ಸಾಯಲು ಬಹಳ ಕಾಲ ಹಿಡಿಯುತ್ತದೆ, ಅಷ್ಟರೊಳಗೆ ಮಾರಾಟವಾಗಿಬಿಡುತ್ತವೆ. ಸಾವು ಗಿರಾಕಿಯ ಮನೆಯಲ್ಲಿ, ಲಾಭ ದಣಿಯ ಗಲ್ಲಾದಲ್ಲಿ! ಹೊಸ ದೀಪದ ಖರ್ಚಿಗಿಂತ ಸತ್ತ ನಾಲ್ಕು ಮರಿಗಳ ನಷ್ಟ ಅಗ್ಗ. ಇದು ಮರೆವಲ್ಲ, ಲೆಕ್ಕ.

ಈಗ ಕೆಲಸಗಾರನ ವಿಚಾರಕ್ಕೆ ಬರೋಣ. ನನ್ನಲ್ಲಿ ಐದನೆಯ ತರಗತಿ ಓದಿದ ಹುಡುಗನೊಬ್ಬ ಇಂಥದೊಂದು ಅಂಗಡಿಯಲ್ಲಿದ್ದಾನೆ. ಊರಿನ ಹೆಸರೂ ಅಂಗಡಿಯ ಹೆಸರೂ ಇಲ್ಲಿ ಬೇಡ. ಅವನ ಅನ್ನದ ಪ್ರಶ್ನೆ. ಬೆಳಿಗ್ಗೆ ಶಟರ್ ಎತ್ತುವವನೂ ಅವನೇ, ರಾತ್ರಿ ಇಳಿಸುವವನೂ ಅವನೇ. ವಾರದ ರಜೆ ಎಂಬುದನ್ನು ಅವನು ಕಂಡಿಲ್ಲ. ಕೆಲಸದ ಆದೇಶ ಪತ್ರವಂತೂ ದೂರದ ಮಾತು. “ದೀಪ ಹೋಗಿ ಎರಡು ತಿಂಗಳಾತು ಮೇಷ್ಟ್ರೇ. ಹೇಳಿದ್ರೆ, ‘ನಿನ್ನ ಸಂಬಳದಾಗೆ ಹಿಡ್ಕೊಂಡು ತರಿಸ್ಲೇನು?’ ಅಂತಾರೆ. ಸತ್ತದ್ನ ಕ್ಯಾರಿ ಬ್ಯಾಗಿಗೆ ಹಾಕಿ ಕಸದ ಗಾಡಿಗೆ ಕೊಡೋದು ನಾನೇ,” ಎಂದ. ತೊಟ್ಟಿಯ ನೀರನ್ನು ಬರಿಗೈಯಲ್ಲಿ ಬಳಿದು ಚೆಲ್ಲುತ್ತಾನೆ. ಅದೇ ಮೂಲೆಯಲ್ಲಿ ಬುತ್ತಿ ಬಿಚ್ಚುತ್ತಾನೆ. ಸೋಪು ಇಲ್ಲ, ಕೈಗವಸು ಇಲ್ಲ. ಆಮೆ, ಹಾವು, ಓತಿಗಳ ಮೈಮೇಲೂ ಅವುಗಳ ನೀರಿನಲ್ಲೂ ಸಾಲ್ಮೊನೆಲ್ಲ ಎಂಬ ರೋಗಾಣು ಇರುವುದು ಸಾಮಾನ್ಯ. ವಾಂತಿಭೇದಿ ಜ್ವರ ತರುವಂಥದು, ಎಳೆಯ ಮಕ್ಕಳ ಪ್ರಾಣಕ್ಕೇ ಎರವಾಗಬಲ್ಲದು. ಇದೇ ಕಾರಣದಿಂದ ಅಮೆರಿಕದಲ್ಲಿ 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿದರು. ಆ ದೇಶದ ಮಕ್ಕಳಿಗೆ ಅಪಾಯವಾದದ್ದು ನಮ್ಮ ಹುಡುಗನ ಬುತ್ತಿಗೆ ಅಪಾಯವಲ್ಲವೇ?

ಇದರ ಮೇಲೆ ಸುಸಂಸ್ಕೃತ ಗಿರಾಕಿಗಳ ಕೋಪ. ಕಣ್ಣು ಮುಚ್ಚಿದ ಆಮೆಯನ್ನು ಕಂಡು ಮೊಬೈಲು ತೆಗೆದು ಚಿತ್ರ ಹಿಡಿಯುತ್ತಾರೆ, “ನಿನಗೆ ಹೃದಯ ಇದೆಯೇನೋ?” ಎಂದು ಹುಡುಗನಿಗೆ ಬೈಯುತ್ತಾರೆ. ಗಲ್ಲಾದ ಮುಂದೆ ಕೂತವನಿಗೆ ನಮಸ್ಕಾರ ಹೇಳಿ ಹೋಗುತ್ತಾರೆ. ಸ್ವಾಮಿ, ಆ ಹುಡುಗ ತನ್ನ ಚಹದ ದುಡ್ಡಿನಲ್ಲಿ ಇಗುವಾನಾಕ್ಕೆ ಸೊಪ್ಪು ತಂದು ಹಾಕುತ್ತಾನೆ. ಹೃದಯವಿರುವುದು ಯಾರಿಗೆ?

ಕಾಯಿದೆ ಇಲ್ಲವೆ? ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಮನುಷ್ಯನೊಬ್ಬನನ್ನು ಬಿಟ್ಟು ಉಳಿದ ಪ್ರತಿ ಜೀವಿಯೂ ಪ್ರಾಣಿಯೇ. ಅದಕ್ಕೆ ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು ಅಪರಾಧ. ಮೊದಲ ಅಪರಾಧಕ್ಕೆ ಆ ಕಾಯಿದೆ ಇಟ್ಟ ದಂಡವೆಷ್ಟು ಗೊತ್ತೆ? 10 ರೂಪಾಯಿಯಿಂದ 50 ರೂಪಾಯಿ! ಒಂದು ಆಮೆ ಮರಿ ಮಾರಿದರೆ ಅದಕ್ಕಿಂತ ಹೆಚ್ಚು ಗಿಟ್ಟುತ್ತದೆ. 2018ರಲ್ಲಿ ಸಾಕುಪ್ರಾಣಿ ಅಂಗಡಿಗಳಿಗೆಂದೇ ನಿಯಮ ಮಾಡಿ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಕಡ್ಡಾಯ ಮಾಡಿದರು. ಅದರಲ್ಲಿ ನಾಯಿ, ಬೆಕ್ಕು, ಮೊಲ, ಹಕ್ಕಿಗಳ ಹೆಸರುಂಟು. ಆಮೆ, ಓತಿಗಳು ‘ಇತರ ಪ್ರಾಣಿ’ಗಳ ಸಾಲಿಗೆ ಸೇರಿವೆ. ‘ಇತರೆ’ ಎಂದರೇನೆಂದು ಗಿರಣಿಯ ಬದಲಿ ಕೆಲಸಗಾರರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಇಗುವಾನಾ, ಆಫ್ರಿಕದ ಹೆಬ್ಬಾವುಗಳಂಥ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು, ಸತ್ತರೆ ವರದಿ ಮಾಡಬೇಕು. ಕ್ಯಾರಿ ಬ್ಯಾಗಿನಲ್ಲಿ ಹೋದದ್ದರ ವರದಿಯನ್ನು ಯಾರು ಕೊಟ್ಟರು? ನಮ್ಮ ನಾಡಿನ ನಕ್ಷತ್ರ ಆಮೆಯನ್ನಂತೂ ಮಾರುವಂತೆಯೇ ಇಲ್ಲ. ಕೇಳಿದರೆ “ಒಳಗಿದೆ, ಸಂಜೆ ಬನ್ನಿ” ಎನ್ನುವವರಿದ್ದಾರೆ.

ಮಾಲು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಒಂದೇ ನಿದರ್ಶನ ಸಾಕು. 2023ರ ಆಗಸ್ಟಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಇಳಿದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ 234 ಜೀವಿಗಳನ್ನು ಹಿಡಿದರು. ಹೆಬ್ಬಾವು, ಇಗುವಾನಾ, ಆಮೆ, ಮೊಸಳೆಯ ಜಾತಿಯ ಮರಿ ಎಲ್ಲವೂ ಇದ್ದವು. ಒಂದು ಕಾಂಗರೂ ಮರಿ ಸತ್ತೇ ಹೋಗಿತ್ತು. ಇಂಥ ಮಾಲಿಗೆ ಕೊನೆಗೊಂದು ಅಂಗಡಿ ಬೇಕಲ್ಲವೇ?

ಸಣ್ಣ ವರ್ತಕ ಬಂಧುಗಳಿಗೆ ಒಂದು ಮಾತು. ಹಕ್ಕಿ ಕಾಳು, ಮೀನಿನ ಆಹಾರ ಮಾರಿ ಸಂಸಾರ ತೂಗಿಸುವವರ ಮೇಲೆ ನಮಗೆ ಹಗೆಯಿಲ್ಲ. ಕೊಳೆತ ಅಕ್ಕಿಗೆ ಬಣ್ಣ ಹಾಕಿ ಮಾರುವವನನ್ನು ನೀವು ನಿಮ್ಮವನೆನ್ನುವುದಿಲ್ಲ. ಸಾಯುವ ಜೀವಕ್ಕೆ ಅದೃಷ್ಟದ ಹೆಸರಿಟ್ಟು ಮಾರುವವನನ್ನು ಮಾತ್ರ ಏಕೆ ವರ್ತಕ ಸಂಘದಲ್ಲಿ ಕೂರಿಸಿಕೊಳ್ಳುತ್ತೀರಿ? ನೋಂದಣಿ ಮಾಡಿಸಿ, ದೀಪ ಹಾಕಿ, ವೈದ್ಯರನ್ನು ಕರೆಸುವ ಪ್ರಾಮಾಣಿಕನ ಮಾಲು ತುಟ್ಟಿಯಾಗುತ್ತದೆ, ಇವನದು ಅಗ್ಗವಾಗುತ್ತದೆ. ಹೊಡೆತ ಬೀಳುವುದು ನಿಮ್ಮವರಿಗೇ.

ನಿರೀಕ್ಷಕರು ವರ್ಷಕ್ಕೊಮ್ಮೆ ಬಂದು, ಮೊದಲೇ ಸುದ್ದಿ ತಿಳಿದ ದಣಿಯ ಕೈಯಿಂದ ಕಾಫಿ ಕುಡಿದು ಹೋಗುವ ತನಿಖೆ ನಮಗೆ ಬೇಡ. ಪೆಟ್ಟಿಗೆಯ ಶಾಖ, ಹಾಕಿದ ಆಹಾರ, ಸತ್ತ ಜೀವಿಗಳ ಲೆಕ್ಕದ ಪುಸ್ತಕ ಅಂಗಡಿಯಲ್ಲಿರಬೇಕು. ಅದನ್ನು ಬರೆಯುವವನು ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸಗಾರನೇ ಆಗಿರಬೇಕು. ಸತ್ಯ ಬರೆದದ್ದಕ್ಕಾಗಿ ಅವನನ್ನು ತೆಗೆಯುವಂತಿರಬಾರದು. ಕೈಗವಸು, ಸೋಪು, ಊಟಕ್ಕೆ ಬೇರೆ ಜಾಗ, ಇವು ದಣಿಯ ಖರ್ಚಿನಲ್ಲೇ ಆಗಬೇಕು.

ಅಲ್ಲಿಯವರೆಗೆ ಕೈಯಲ್ಲಿರುವುದನ್ನು ಬಳಸೋಣ. ಅಂಗಡಿ ನೌಕರರಿಗಾಗಿ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಿದೆ. ಅದರಲ್ಲಿ ವಾರದ ರಜೆಯುಂಟು. ಆರು ತಿಂಗಳು ಎಡೆಬಿಡದೆ ದುಡಿದವನನ್ನು ತಕ್ಕ ಕಾರಣವಿಲ್ಲದೆ, ಒಂದು ತಿಂಗಳ ನೋಟೀಸನ್ನೋ ಅದರ ಬದಲು ಸಂಬಳವನ್ನೋ ಕೊಡದೆ ತೆಗೆಯುವಂತಿಲ್ಲ. ಸಾಕುಪ್ರಾಣಿ ಅಂಗಡಿಗಳಲ್ಲಿ ದುಡಿಯುವ ಹುಡುಗರು ಯಾವ ದಿನ ದೀಪ ಹೋಯಿತು, ಯಾವ ದಿನ ಎಷ್ಟು ಸತ್ತವು, ತಾವು ಎಷ್ಟು ಗಂಟೆ ದುಡಿದರು ಎಂಬುದನ್ನು ಒಂದು ನೋಟ್ ಬುಕ್ಕಿನಲ್ಲಿ ಗುರುತು ಹಾಕಿಕೊಂಡು ನಮ್ಮ ಕಚೇರಿಗೆ ಬರಲಿ. ಕಾರ್ಮಿಕ ನಿರೀಕ್ಷಕರಿಗೊಂದು, ಪಶುಪಾಲನಾ ಇಲಾಖೆಗೊಂದು, ನಕ್ಷತ್ರ ಆಮೆಯಿದ್ದರೆ ಅರಣ್ಯ ಇಲಾಖೆಗೊಂದು ಅರ್ಜಿ ನಾವೇ ಬರೆದು ಕೊಡುತ್ತೇವೆ. ರಾತ್ರಿ ಶಟರ್ ಇಳಿಸಿದ ಮೇಲೆ ಬಂದರೂ ಬಾಗಿಲು ತೆರೆದಿರುತ್ತದೆ. ಅರ್ಜಿಯ ಕೆಳಗೆ ಪಕ್ಷದ ಮುದ್ರೆ ಇರುತ್ತದೆ, ಹುಡುಗನ ಹೆಸರು ಇರುವುದಿಲ್ಲ.