ಪರದೆಯ ಮೇಲಿನ ಗೊಂಬೆ ಹಬ್ಬ

ನವರಾತ್ರಿ ಬಂತೆಂದರೆ ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ಗೊಂಬೆಗಳು ಒಂದೊಂದಾಗಿ ಹೊರಬರುತ್ತವೆ. ಮನೆಯವರೆಲ್ಲ ಸೇರಿ ಮೆಟ್ಟಿಲುಗಳನ್ನು ಹೂಡಿ, ಬಿಳಿಯ ಬಟ್ಟೆ ಹಾಸಿ, ಮೇಲಿನ ಸಾಲಿನಲ್ಲಿ ಪಟ್ಟದ ಗೊಂಬೆಗಳನ್ನು ಕೂರಿಸುತ್ತಾರೆ. ರಾಜ-ರಾಣಿಯರ ಈ ಮರದ ಜೋಡಿಯನ್ನು ಮದುವೆಯಾದ ಮಗಳಿಗೆ ತವರಿನವರು ಕೊಡುವುದು ವಾಡಿಕೆ. ಕೆಳಗಿನ ಸಾಲುಗಳಲ್ಲಿ ದಶಾವತಾರದ ಗೊಂಬೆಗಳು, ಅಂಗಡಿ ತೆರೆದು ಕುಳಿತ ಸೆಟ್ಟಿ ದಂಪತಿಗಳು, ಚನ್ನಪಟ್ಟಣದ ಬಣ್ಣದ ಆಟಿಕೆಗಳು ನೆಲೆಗೊಳ್ಳುತ್ತವೆ. ಸಂಜೆಯಾಗುತ್ತಲೇ ಬೀದಿಯ ಮಕ್ಕಳು ಮನೆಯಿಂದ ಮನೆಗೆ ಹೋಗಿ ಗೊಂಬೆಗಳನ್ನು ನೋಡಿ, ಗೊಂಬೆ ಬಾಗಿನವೆಂದು ಕೊಡುವ ತಿಂಡಿಯನ್ನು ಪಡೆದು ನಲಿಯುತ್ತಾರೆ.

ಉದ್ಯೋಗಕ್ಕಾಗಿ, ವ್ಯಾಸಂಗಕ್ಕಾಗಿ ದೂರದೇಶಗಳಿಗೆ ತೆರಳಿದವರಿಗೆ ಈ ಸಂಭ್ರಮ ಕೇವಲ ನೆನಪಾಗಿ ಉಳಿದಿತ್ತು. ಅಂತರಜಾಲವು ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದೆ. ಮೈಸೂರಿನ ಮನೆಯೊಂದರಲ್ಲಿ ಸಂಜೆ ಏಳು ಗಂಟೆಗೆ ಗೊಂಬೆಗಳಿಗೆ ಆರತಿ ಬೆಳಗುವಾಗ ನ್ಯೂಯಾರ್ಕಿನಲ್ಲಿ ಬೆಳಗಿನ ಒಂಬತ್ತೂವರೆ; ಅಲ್ಲಿರುವ ಮೊಮ್ಮಗಳು ವಿಡಿಯೊ ಕರೆಯ ಮೂಲಕ ಅದೇ ಕ್ಷಣದಲ್ಲಿ ಆ ಬೆಳಕನ್ನು ಕಾಣಬಲ್ಲಳು. ಕೊರೊನಾ ಪಿಡುಗು ಹಬ್ಬಿದ 2020ರಲ್ಲಿ ಈ ಸೌಲಭ್ಯದ ಬೆಲೆ ಎಲ್ಲರಿಗೂ ಅರಿವಾಯಿತು. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರು ಸಾಗುತ್ತಿದ್ದ ಜಂಬೂಸವಾರಿ ಆ ವರ್ಷವೂ ಮರುವರ್ಷವೂ ಅರಮನೆಯ ಆವರಣದಲ್ಲೇ ಮುಗಿಯಿತು. ಜನಸ್ತೋಮವಿಲ್ಲದ ಆ ಉತ್ಸವವನ್ನು ನಾಡಿನ ಜನ ನೇರಪ್ರಸಾರದಲ್ಲಿ ಕಣ್ತುಂಬಿಕೊಂಡರು.

ಇದರಿಂದ ಸಂಪ್ರದಾಯ ಕೆಟ್ಟಿತೆಂದು ಕೆಲವರು ಮರುಗುವುದುಂಟು. ಆದರೆ ಸಂಪ್ರದಾಯವೆಂಬುದು ಎಂದೂ ನಿಂತ ನೀರಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಮುಂದೆ ಮೈಸೂರಿಗೆ ಬಂದಿತು. ಮಹಾರಾಜರು ಕುಳಿತು ಸಾಗುತ್ತಿದ್ದ ಚಿನ್ನದ ಅಂಬಾರಿಯಲ್ಲಿ ಇಂದು ಚಾಮುಂಡೇಶ್ವರಿಯ ಮೂರ್ತಿ ವಿರಾಜಿಸುತ್ತದೆ. ಕಾಲಕ್ಕೆ ತಕ್ಕಂತೆ ರೂಪ ಬದಲಾಯಿತು, ಹಬ್ಬ ಉಳಿಯಿತು. ಆದುದರಿಂದ ಪರದೆಯ ಮೇಲೆ ಹಬ್ಬವನ್ನು ಕಾಣುವುದೇ ತಪ್ಪೆಂದು ಹೇಳಲಾಗದು.

ಆದರೂ ಒಂದು ಮಾತನ್ನು ಮರೆಯಬಾರದು. ಹಬ್ಬವು ಕಣ್ಣಿಗೆ ಮಾತ್ರ ಸಂಬಂಧಿಸಿದುದಲ್ಲ; ಕೈಗೂ ಸಂಬಂಧಿಸಿದುದು. ಗೊಂಬೆಯ ಧೂಳೊರೆಸಿದ ಮಗು ಅದರ ಕಥೆಯನ್ನು ಕೇಳುತ್ತದೆ. ಬಾಗಿನ ಹಂಚಿದ ಮಗು ಕೊಡುವುದರ ಸುಖವನ್ನು ಅರಿಯುತ್ತದೆ. ಕೇವಲ ನೋಡುವವನು ಪ್ರೇಕ್ಷಕನಾಗಿಯೇ ಉಳಿಯುತ್ತಾನೆ. ಮನೆಯವರೆಲ್ಲ ಮೊಬೈಲಿನ ಮುಂದೆ ಕುಳಿತು ದೂರದ ಬಂಧುಗಳಿಗೆ ಗೊಂಬೆ ತೋರಿಸುತ್ತಿರುವಾಗ, ಬಾಗಿಲಿಗೆ ಬಂದ ನೆರೆಮನೆಯ ಮಕ್ಕಳು ಬರಿಗೈಯಲ್ಲಿ ಹಿಂದಿರುಗಿದರೆ ಆ ಹಬ್ಬದ ಸಾರವೇ ಸೋರಿಹೋದಂತೆ. ದೂರದವರನ್ನು ಹತ್ತಿರ ತರುವ ಸಾಧನ ಹತ್ತಿರದವರನ್ನು ದೂರ ಮಾಡಬಾರದು.

ಹಾಗಾದರೆ ಉಪಾಯವೇನು? ಪರದೆಯನ್ನು ಹಬ್ಬಕ್ಕೆ ಬದಲಿಯಾಗಿ ಬಳಸದೆ, ಹಬ್ಬವನ್ನು ಕಲಿಸುವ ಗುರುವಾಗಿ ಬಳಸಬೇಕು. ಇಲ್ಲಿ ಅಜ್ಜಿ ಮೆಟ್ಟಿಲು ಹೂಡುವ ಕ್ರಮವನ್ನು ಹೇಳಿಕೊಡಲಿ. ಅಲ್ಲಿ ಮೊಮ್ಮಕ್ಕಳು ರಟ್ಟಿನ ಪೆಟ್ಟಿಗೆಗಳನ್ನೇ ಮೆಟ್ಟಿಲಾಗಿ ಜೋಡಿಸಿ, ತಮ್ಮ ಕೈಯಿಂದ ಮಾಡಿದ ಮಣ್ಣಿನ ಗೊಂಬೆಗಳನ್ನು ಇಡಲಿ. ಯಾವ ಗೊಂಬೆ ಯಾರ ಮದುವೆಯಲ್ಲಿ ಬಂದದ್ದು, ಯಾವುದು ಯಾವ ಜಾತ್ರೆಯಲ್ಲಿ ಕೊಂಡದ್ದು ಎಂಬುದನ್ನು ಹಿರಿಯರ ಬಾಯಿಂದಲೇ ಹೇಳಿಸಿ ಮುದ್ರಿಸಿಡಲಿ. ಗೊಂಬೆ ಉಳಿದು ಕಥೆ ಅಳಿದರೆ ಉಳಿಯುವುದು ಬರಿಯ ಮರದ ತುಂಡು. ಕರೆ ಮುಗಿದ ಮೇಲೆ, ಆ ಪರದೇಶದಲ್ಲಿಯೂ ಪಕ್ಕದ ಮನೆಯ ಬಾಗಿಲು ತಟ್ಟಿ, ಭಾಷೆ ಯಾವುದೇ ಇರಲಿ, ಅಲ್ಲಿನ ಮಕ್ಕಳನ್ನು ಗೊಂಬೆ ನೋಡಲು ಕರೆಯಲಿ.

ಅಂತರಜಾಲವು ದೀಪದ ಚಿತ್ರವನ್ನು ಸಾವಿರಾರು ಮೈಲಿ ಕೊಂಡೊಯ್ಯಬಲ್ಲದು, ದೀಪವನ್ನು ಹಚ್ಚಲಾರದು. ಹಚ್ಚುವ ಕೈ ಮನುಷ್ಯನದೇ ಆಗಬೇಕು. ಆ ಕೈಗಳು ಎರಡು ಕಡೆಯಲ್ಲಿಯೂ ಇರುವವರೆಗೆ ಗೊಂಬೆಗಳು ವರ್ಷವರ್ಷವೂ ಅಟ್ಟದಿಂದ ಇಳಿಯುತ್ತಲೇ ಇರುತ್ತವೆ.