ತಪ್ಪು ಸಾಫ್ಟ್‌ವೇರಿನದ್ದಲ್ಲ, ಕಿವಿಯದ್ದು

"ಕಂಪ್ಯೂಟರಿನಲ್ಲಿ ಮಿಕ್ಸ್ ಮಾಡಿದ ಹಾಡಿಗೆ ಜೀವವೇ ಇಲ್ಲ ಮಾರಾಯ್ರೆ" ಅಂತ ಮೊನ್ನೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಸಿಕ್ಕ ಊರಿನವರೊಬ್ಬರು ರಾಗ ಎಳೆದರು. ಈ ಮಾತು ಕೇಳಿ ಕೇಳಿ ನನಗಂತೂ ಸಾಕಾಗಿದೆ.

ಟೇಪಿನ ಕಾಲ ನಾನೂ ಕಂಡವನೇ. 2500 ಅಡಿಯ ರೀಲು ಸೆಕೆಂಡಿಗೆ 15 ಇಂಚಿನಂತೆ ಓಡಿದರೆ 33 ನಿಮಿಷಕ್ಕೆ ಖಾಲಿ. ಇಲ್ಲಿಯ ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಬೇರೆ. ಸ್ಟುಡಿಯೋ ಬಾಡಿಗೆಗೆ ಹೆದರಿ ನಮ್ಮ ಭಜನೆಯವರು ಒಂದೇ ಟೇಕಿನಲ್ಲಿ ಹಾಡಿ ಎದ್ದು ಬರುತ್ತಿದ್ದರು. ಇವತ್ತು ಕಲ್ಯಾಣದ ಪುಟ್ಟ ಫ್ಲಾಟಿನಲ್ಲಿ ಕೂತ ಹುಡುಗನೊಬ್ಬ ಆ ಕೆಲಸವನ್ನೆಲ್ಲ ಲ್ಯಾಪ್‌ಟಾಪಿನಲ್ಲೇ ಮುಗಿಸುತ್ತಾನೆ. ಇದು ನಷ್ಟವೇ?

ಜೀವ ಹೋಗುವುದು ಬೇರೆ ಕಡೆ. ಎಲ್ಲರಿಗಿಂತ ಜೋರಾಗಿ ಕೇಳಬೇಕೆಂದು ಲಿಮಿಟರ್ ಒತ್ತುತ್ತಾರಲ್ಲ, ಅಲ್ಲಿ! ಚೆಂಡೆಯ ಪೆಟ್ಟೂ ಭಾಗವತರ ಆಲಾಪವೂ ಒಂದೇ ಮಟ್ಟಕ್ಕೆ ಬಂದರೆ ಯಕ್ಷಗಾನ ಎಲ್ಲಿ ಉಳಿಯಿತು ಸ್ವಾಮಿ? ಆ ದುರಾಸೆಯೂ ಈಗ ದಂಡ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗಿನಲ್ಲಿ ಜೋರಿನ ಹಾಡನ್ನು ತಾನೇ ಮೈನಸ್ 14 ಲಫ್ಸ್‌ನ ಆಸುಪಾಸಿಗೆ ಇಳಿಸಿಬಿಡುತ್ತದೆ.

ಬೈಯುವುದಾದರೆ ಕಿವಿಯನ್ನು ಬೈಯಿರಿ. ಅಂದ ಹಾಗೆ, ಅಟ್ಟದ ಮೇಲಿರುವ ಹಳೆ ಕ್ಯಾಸೆಟ್ಟುಗಳನ್ನು ಈ ಮಳೆಗಾಲಕ್ಕೆ ಮುಂಚೆ ಆ ಹುಡುಗನ ಕೈಗೆ ಕೊಡಿ. ಅದರೊಳಗಿರುವ ನಿಮ್ಮಪ್ಪನ ದನಿಯನ್ನು ಉಳಿಸಿಕೊಡುವುದು ಇದೇ 'ಜೀವವಿಲ್ಲದ' ಕಂಪ್ಯೂಟರೇ.